ಹಾಲಿಳಿಯುವ ಮುನ್ನಿನ ಮೂರು ದಿನಗಳು

ತಾಳಿಕೋಟೆಯ ಕದನ ನಡೆದ ವರ್ಷವನ್ನೂ ಶ್ರೀರಂಗಪಟ್ಟಣ ಬಿದ್ದ ತಾರೀಖನ್ನೂ ನಾವು ಉಪಾಧ್ಯಾಯರು ತಲೆಮಾರುಗಳ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇವೆ. ಆದರೆ ಪ್ರತಿಯೊಂದು ಮನೆಯ ಬಾಣಂತಿ ಕೋಣೆಯಲ್ಲೂ ನಡೆಯುತ್ತ ಬಂದ ಒಂದು ಹೋರಾಟಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿನ ಸ್ಥಳವೂ ದೊರೆಯಲಿಲ್ಲ. ಹೆರಿಗೆಯಾಗಿದೆ, ಕೂಸು ಅಳುತ್ತಿದೆ, ತಾಯಿಗೆ ಇನ್ನೂ ಹಾಲಿಳಿದಿಲ್ಲ. ಎದೆಗಿಟ್ಟರೆ ಮಗು ಮುಖ ತಿರುಗಿಸುತ್ತದೆ, ತೊಟ್ಟನ್ನು ಹಿಡಿದು ಬಿಡುತ್ತದೆ, ಮತ್ತೆ ಕಿರುಚುತ್ತದೆ. ಸುತ್ತ ನಿಂತವರೆಲ್ಲ ಒಂದೊಂದು ಸಲಹೆ ಕೊಡುತ್ತಾರೆ. ಈ ಮೂರು ದಿನಗಳಿಗೂ ಒಂದು ಚರಿತ್ರೆಯಿದೆ. ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಅಜ್ಜಿಯರಾಗುವ ವಯಸ್ಸಿಗೆ ಬಂದಿರುವುದರಿಂದ, ಅದನ್ನು ಬರೆದಿಡುವುದು ಉಚಿತವೆಂದು ನನಗೆ ತೋರಿತು.

ನಮ್ಮ ಜಿಲ್ಲೆಗೂ ಈ ವಿಷಯಕ್ಕೂ ಹಳೆಯ ನಂಟು. ಮುಳಬಾಗಿಲು ತಾಲ್ಲೂಕಿನ ಆವಣಿ ಬೆಟ್ಟದಲ್ಲಿ ವಾಲ್ಮೀಕಿಯ ಆಶ್ರಮವಿತ್ತೆಂದೂ ಸೀತೆ ಲವಕುಶರನ್ನು ಅಲ್ಲಿಯೇ ಹೆತ್ತಳೆಂದೂ ಸ್ಥಳಪುರಾಣ ಹೇಳುತ್ತದೆ. ನಾವು ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ದಾಗ ನೊಳಂಬರ ಕಾಲದ ದೇವಾಲಯಗಳನ್ನು ತೋರಿಸಿ ಶಿಲ್ಪದ ವಿವರ ಹೇಳುತ್ತಿದ್ದೆವು. ತವರಿಲ್ಲದೆ, ಅತ್ತೆಯಿಲ್ಲದೆ, ಕಾಡಿನಲ್ಲಿ ಬಾಣಂತನ ಕಳೆದ ಆ ತಾಯಿಗೆ ಮಗುವನ್ನು ಎದೆಗೆ ಹಿಡಿದುಕೊಳ್ಳುವ ಬಗೆಯನ್ನು ಯಾರು ಹೇಳಿಕೊಟ್ಟರೆಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಮೊದಲು ದೇಹದ ವ್ಯಾಪಾರವನ್ನು ತಿಳಿಯೋಣ. ಹೆರಿಗೆಯಾಗಿ ಮಾಸು ಬಿದ್ದ ಮೇಲೆ ತಾಯಿಯ ರಕ್ತದಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಇಳಿಯುತ್ತದೆ. ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನಿಗೆ ಆಗ ಹಾದಿ ತೆರವಾಗುತ್ತದೆ. ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ ಎದೆ ತುಂಬಿ ಬರುತ್ತದೆ. ಅದಕ್ಕೆ ಮುಂಚೆ ಬರುವುದು ಕೆಲವೇ ಚಮಚಗಳಷ್ಟು ಮಂದವಾದ ಹಳದಿ ಹಾಲು. ರೋಗನಿರೋಧಕ ಅಂಶಗಳು ತುಂಬಿರುವ ಈ ಹಾಲು ಆರೋಗ್ಯವಂತ ಕೂಸಿಗೆ ಆ ದಿನಗಳಲ್ಲಿ ಸಾಕಾಗುತ್ತದೆ. ಮಗು ಚೀಪಿದಷ್ಟೂ ಪ್ರೊಲ್ಯಾಕ್ಟಿನ್ ಹೆಚ್ಚುತ್ತದೆ. ಆಕ್ಸಿಟೋಸಿನ್ ಎಂಬ ಮತ್ತೊಂದು ಹಾರ್ಮೋನು ಹಾಲನ್ನು ಹೊರದೂಡುತ್ತದೆ. ನೋವು, ಭಯ, ಆತಂಕಗಳಿದ್ದರೆ ಅದು ತಡವಾಗುತ್ತದೆ.

ನಮ್ಮ ಪ್ರಾಚೀನರು ಇದನ್ನು ಗಮನಿಸಿದ್ದರು. ಮೂರು ಅಥವಾ ನಾಲ್ಕು ರಾತ್ರಿಗಳು ಕಳೆದ ಮೇಲೆ ಹಾಲು ಪ್ರವರ್ತಿಸುತ್ತದೆಂದು ಸುಶ್ರುತಸಂಹಿತೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ಗಮನಿಕೆ ನಿಖರವಾದದ್ದೇ. ಆದರೆ ಅಲ್ಲಿಯವರೆಗೆ ಮಗುವಿಗೆ ಏನು ಕೊಡಬೇಕೆಂಬ ಪ್ರಶ್ನೆಗೆ ಅವರು ಜೇನು ಮತ್ತು ತುಪ್ಪವನ್ನು ಸೂಚಿಸಿದರು. ಒಂದು ವರ್ಷ ತುಂಬದ ಮಗುವಿಗೆ ಜೇನು ಅಪಾಯಕಾರಿ ಎಂಬುದನ್ನು ಇಂದಿನ ವೈದ್ಯಶಾಸ್ತ್ರ ಬಲ್ಲುದು. ಶಾಸ್ತ್ರದ ಮಾತು ಲೋಕಾಚಾರಕ್ಕೆ ಇಳಿದಾಗ, ಮೊದಲ ಹಳದಿ ಹಾಲು ಕೆಟ್ಟದ್ದು, ಅದನ್ನು ಹಿಂಡಿ ಚೆಲ್ಲಬೇಕು ಎಂಬ ನಂಬಿಕೆ ದೇಶದ ಬಹುಭಾಗದಲ್ಲಿ ಬೇರೂರಿತು. ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಹಸು ಕರು ಹಾಕಿದಾಗ ಬರುವ ಗಿಣ್ಣುಹಾಲನ್ನು ನಾವು ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ನೆರೆಮನೆಗೂ ಹಂಚಿ ತಿನ್ನುತ್ತೇವೆ. ಕರುವಿಗೆ ಗಿಣ್ಣುಹಾಲು ಕುಡಿಸದಿದ್ದರೆ ಅದು ಬದುಕದೆಂದು ಕೋಲಾರ ಸೀಮೆಯ ಪ್ರತಿಯೊಬ್ಬ ರೈತನಿಗೂ ಗೊತ್ತು. ಹಟ್ಟಿಯಲ್ಲಿದ್ದ ಈ ಜ್ಞಾನ ಬಾಣಂತಿ ಕೋಣೆಯ ಹೊಸಿಲು ದಾಟಲಿಲ್ಲ.

ಚಿನ್ನದ ಗಣಿ ಪ್ರದೇಶದ ಬಾಣಂತನದಲ್ಲಿ ಹಲವು ಭಾಷೆಗಳು ಬೆರೆತಿದ್ದವು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತದಲ್ಲಿ ಗಣಿಗಾರಿಕೆ ಬೆಳೆದಂತೆ ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ ಕುಟುಂಬಗಳು ಬಂದು ಬಿದಿರು ತಟ್ಟಿಯ ಗುಡಿಸಲುಗಳ ಸಾಲುಗಳಲ್ಲಿ ನೆಲೆಸಿದವು. ಮೈಸೂರಿನ ರೆಸಿಡೆಂಟರಾಗಿದ್ದ ಡೊನಾಲ್ಡ್ ರಾಬರ್ಟ್‌ಸನ್ನರ ಹೆಸರಿನಲ್ಲಿ ನಮ್ಮ ರಾಬರ್ಟ್‌ಸನ್‌ಪೇಟೆ ಎದ್ದಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ತು ಬಂದಾಗ ಬೆಂಗಳೂರಿನಲ್ಲಿ ಇನ್ನೂ ವಿದ್ಯುದ್ದೀಪವಿರಲಿಲ್ಲ. ವಿದ್ಯುತ್ತು ಬಂದರೂ ಬಾಣಂತಿ ಕೋಣೆಯ ರೂಢಿಗಳು ಹಳೆಯವೇ ಉಳಿದವು. ಕೂಸಿಗೆ ಹಾಲು ಹನಿಸುವ ಕಿರು ಮೂತಿಯ ಪಾತ್ರೆಗೆ ಕನ್ನಡದ ಮನೆಯಲ್ಲಿ ಒಳಲೆ ಎಂದರೆ, ತಮಿಳಿನ ಮನೆಯಲ್ಲಿ ಪಾಲಾಡೈ, ತೆಲುಗಿನ ಮನೆಯಲ್ಲಿ ಉಗ್ಗುಗಿನ್ನೆ. ಹೆಸರು ಮೂರಾದರೂ ಅದರೊಳಗೆ ಬೀಳುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ: ಸಕ್ಕರೆ ನೀರು, ಹರಳೆಣ್ಣೆ, ತೇಯ್ದ ಬಜೆ, ಕೆಲವೊಮ್ಮೆ ಬೀದಿಯಲ್ಲಿ ಕೂಗಿಕೊಂಡು ಬರುವವರಿಂದ ಕೊಂಡ ಕತ್ತೆಹಾಲು.

ಇದರಿಂದ ಆಗುತ್ತಿದ್ದ ಹಾನಿಯನ್ನು ಒಂದು ಸರಳ ಲೆಕ್ಕದಂತೆ ನೋಡಬಹುದು. ಸಕ್ಕರೆ ನೀರು ಕುಡಿದ ಮಗುವಿಗೆ ಹೊಟ್ಟೆ ತುಂಬಿದಂತಾಗಿ ಅದು ಎದೆ ಚೀಪುವುದಿಲ್ಲ. ಚೀಪದಿದ್ದರೆ ಹಾಲು ಹೆಚ್ಚುವುದಿಲ್ಲ. ಹಾಲು ಹೆಚ್ಚದಿದ್ದರೆ “ಇವಳಿಗೆ ಹಾಲೇ ಇಲ್ಲ” ಎಂಬ ಮಾತು ಹುಟ್ಟುತ್ತದೆ. ಆ ಮಾತು ಕಿವಿಗೆ ಬಿದ್ದ ತಾಯಿ ಕುಗ್ಗುತ್ತಾಳೆ. ಕುಗ್ಗಿದವಳಿಗೆ ಇದ್ದ ಹಾಲೂ ಸರಾಗವಾಗಿ ಇಳಿಯುವುದಿಲ್ಲ. ಹಾಲಿಲ್ಲವೆಂಬ ನಂಬಿಕೆಯೇ ಹಾಲನ್ನು ಇಲ್ಲವಾಗಿಸುತ್ತಿತ್ತು.

ಈ ಮೌಢ್ಯ ನಮ್ಮೊಬ್ಬರದೇ ಎಂದು ತಿಳಿಯಬೇಕಾಗಿಲ್ಲ. ಯೂರೋಪಿನಲ್ಲೂ ಮೊದಲ ಹಾಲನ್ನು ಶತಮಾನಗಳ ಕಾಲ ದೂರವಿಟ್ಟಿದ್ದರು. ಇಂಗ್ಲೆಂಡಿನ ವಿಲಿಯಂ ಕ್ಯಾಡೊಗನ್ ಎಂಬ ವೈದ್ಯ 1748ರಲ್ಲಿ ಒಂದು ಪ್ರಬಂಧ ಪ್ರಕಟಿಸಿ, ಮೊದಲ ಹಾಲೇ ಕೂಸಿನ ಹೊಟ್ಟೆಯನ್ನು ಶುದ್ಧಿಗೊಳಿಸುತ್ತದೆ, ಅದನ್ನು ಕುಡಿಸಬೇಕು ಎಂದು ವಾದಿಸಿದನು. ಆದರೆ ದಿನಕ್ಕೆ ನಾಲ್ಕು ಸಲ ಕುಡಿಸಿದರೆ ಸಾಕೆಂದು ಹೇಳಿದವನೂ ಅವನೇ! ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಜಿಲೆಂಡಿನ ಟ್ರೂಬಿ ಕಿಂಗ್ ಎಂಬ ವೈದ್ಯರು ತಾಯಿಹಾಲಿನ ಪರವಾಗಿಯೇ ಮಾತನಾಡಿದರೂ, ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕುಡಿಸಬೇಕು, ರಾತ್ರಿ ಕುಡಿಸಬಾರದು ಎಂಬ ಶಿಸ್ತನ್ನು ಹೇರಿದರು. ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ಆ ಶಿಸ್ತು ಹರಡಿತು. ಗಣಿಯಲ್ಲಿ ದುಡಿಯುವವನಿಗೆ ಪಾಳಿಯ ಗಂಟೆ ಹೊಂದೀತು. ಹುಟ್ಟಿ ಎರಡು ದಿನವಾದ ಕೂಸಿಗೆ ಯಾವ ಪಾಳಿ?

ಇದೇ ಹೊತ್ತಿಗೆ ಡಬ್ಬದ ಹಾಲು ಬಂದಿತು. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಮತ್ತು ಸ್ವಿಟ್ಜರ್ಲೆಂಡಿನ ಹೆನ್ರಿ ನೆಸ್ಲೆ 1860ರ ದಶಕದಲ್ಲಿ ಶಿಶುಆಹಾರಗಳನ್ನು ತಯಾರಿಸಿದರು. ಮುಂದೆ ಗ್ಲಾಕ್ಸೊ ಹಾಲಿನ ಪುಡಿ ಬಂದಿತು. ಸ್ವಾತಂತ್ರ್ಯಾನಂತರ ಅಮುಲ್ ಸಂಸ್ಥೆ ಎಮ್ಮೆಯ ಹಾಲಿನಿಂದ ಪುಡಿ ತಯಾರಿಸಿತು. ಗುಂಡುಗುಂಡಾಗಿರುವ ಮಗುವನ್ನು “ಗ್ಲಾಕ್ಸೊ ಬೇಬಿ” ಎಂದು ಹೊಗಳುತ್ತಿದ್ದುದು ನನ್ನ ವಯಸ್ಸಿನವರಿಗೆ ನೆನಪಿರಬೇಕು. ತಾಯಿಯಿಲ್ಲದ ತಬ್ಬಲಿಗೆ, ತೀವ್ರ ಕಾಯಿಲೆಯ ತಾಯಿಯ ಮಗುವಿಗೆ ಆ ಡಬ್ಬ ಜೀವ ಉಳಿಸಿದ್ದುಂಟು. ಆದರೆ ಶುದ್ಧ ನೀರಿಲ್ಲದ, ಬಾಟಲಿಯನ್ನು ಕುದಿಸಲು ಸೌದೆಯಿಲ್ಲದ ಮನೆಯಲ್ಲಿ ಅದು ಭೇದಿಯನ್ನು ತಂದಿತು. ಬೆಲೆ ಹೆಚ್ಚೆಂದು ಪುಡಿಗೆ ನೀರು ಸೇರಿಸಿ ತೆಳ್ಳಗೆ ಕಲಸಿದ ಮನೆಗಳಲ್ಲಿ ಮಗು ಸೊರಗಿತು.

ನನ್ನ ಸ್ವಂತ ಅನುಭವವೊಂದನ್ನು ಇಲ್ಲಿ ಹೇಳಬಹುದು. 1980ರ ದಶಕದಲ್ಲಿ ನನ್ನ ಚೊಚ್ಚಲ ಹೆರಿಗೆಯಾದ ಆಸ್ಪತ್ರೆಯಲ್ಲಿ ಕೂಸುಗಳನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಬಾಟಲಿಯಲ್ಲಿ ಹಾಲು ಕುಡಿಸಿ, ಹೊತ್ತು ನೋಡಿ ತಾಯಿಯ ಬಳಿಗೆ ತರುತ್ತಿದ್ದರು. ಮೂರನೆಯ ದಿನ ನನ್ನ ಎದೆ ಕಲ್ಲಿನಂತೆ ಬಿಗಿದುಕೊಂಡಿತು. ಮಗುವಾದರೋ ಬಾಟಲಿಯ ರಬ್ಬರ್ ತೊಟ್ಟಿಗೆ ಒಗ್ಗಿ ನನ್ನನ್ನು ಕಂಡರೆ ಕಿರುಚುತ್ತಿತ್ತು. ಮನೆಗೆ ಬಂದ ಮೇಲೆ ಪಕ್ಕದ ಸಾಲಿನ ವೃದ್ಧೆಯೊಬ್ಬರು ಬಂದರು; ನಾವು ಅವರನ್ನು ಪಾಟಿ ಎಂದು ಕರೆಯುತ್ತಿದ್ದೆವು. ಅವರು ಬಾಟಲಿಯನ್ನು ತೆಗೆದಿಡಿಸಿ, ಬಿಸಿನೀರಿನ ಶಾಖ ಕೊಟ್ಟು, ಮೊದಲು ಸ್ವಲ್ಪ ಹಾಲನ್ನು ಕೈಯಿಂದ ಹಿಂಡಿಸಿ ಎದೆ ಮೆದುವಾಗುವಂತೆ ಮಾಡಿದರು. ಹಿಂಡಿದ ಹಾಲು ಪಾಲಾಡೈಯಲ್ಲಿ ಮಗುವಿಗೆ ಹೋಯಿತು. ಆಮೇಲೆ ಮಗುವಿನ ಬಟ್ಟೆ ತೆಗೆದು ನನ್ನ ಎದೆಯ ಮೇಲೆ ಬೋರಲಾಗಿ ಮಲಗಿಸಿ, “ಸುಮ್ಮನಿರು ತಾಯಿ, ಅದಕ್ಕೆ ದಾರಿ ಗೊತ್ತು” ಎಂದರು. ಆ ರಾತ್ರಿ ಎರಡು ಸಲ ಸೋತೆವು. ಮೂರನೆಯ ಸಲ ಮಗು ಬಾಯಿ ಅಗಲಿಸಿ ಹಿಡಿಯಿತು. ಮರುದಿನ ಅದೇ ಪಾಟಿ ಕೂಸಿಗೆ ಹರಳೆಣ್ಣೆ ನೆಕ್ಕಿಸಬೇಕೆಂದು ಹಟ ಹಿಡಿದರು. ನನ್ನ ತಾಯಿ ನಯವಾಗಿ ನಿರಾಕರಿಸಿದರು. ಹಿರಿಯರ ತಿಳಿವಳಿಕೆಯಲ್ಲಿ ಕಾಳೂ ಇದೆ, ಜೊಳ್ಳೂ ಇದೆ. ಆಸ್ಪತ್ರೆಯ ಪದ್ಧತಿಯೂ ಅಷ್ಟೇ. ಕೇರಿ ನೋಡುವ ಮೊರ ಮಾತ್ರ ನಮ್ಮ ಕೈಯಲ್ಲಿರಬೇಕು.

ಪಾಟಿಯವರ ಮಾತಿಗೆ ವಿಜ್ಞಾನದ ಒಪ್ಪಿಗೆ ದೊರೆತದ್ದು ಸ್ವಲ್ಪ ತಡವಾಗಿ. 1990ರಲ್ಲಿ ಸ್ವೀಡನ್ನಿನಲ್ಲಿ ರಿಗಾರ್ಡ್ ಮತ್ತು ಅಲಾಡೆ ಎಂಬ ಸಂಶೋಧಕರು, ಹುಟ್ಟಿದೊಡನೆ ತಾಯಿಯ ಮೈಮೇಲೆ ಅಡ್ಡಿಯಿಲ್ಲದೆ ಮಲಗಿಸಿದ ಶಿಶುಗಳು ತಾವಾಗಿಯೇ ತೆವಳಿ ಎದೆಯನ್ನು ಹುಡುಕಿ ಸರಿಯಾಗಿ ಹಿಡಿಯುತ್ತವೆಂದು ತೋರಿಸಿಕೊಟ್ಟರು. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಬಾಟಲಿ, ಬಟ್ಟಲುಗಳಿಗಿಂತ ಪಾಲಾಡೈಯೇ ಅನುಕೂಲವೆಂದು 1999ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದು ಹೇಳಿತು. ನಮ್ಮ ಅಡುಗೆಮನೆಯ ಒಳಲೆ ಹೀಗೆ ವೈದ್ಯಕೀಯ ನಿಯತಕಾಲಿಕವನ್ನು ಸೇರಿತು. ಪಾವಗಡ ಸೀಮೆಯಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ದೊರೆತಾಗ, ಹೆಸರಿಲ್ಲದ ಇಂಥ ಅನೇಕ ಪಾಟಿಯರಿಗೂ ಅದು ಸಂದಿತೆಂದು ನಾನು ಭಾವಿಸಿದೆ. ಕನ್ನಡದಲ್ಲಿ ಈ ಮೊರದ ಕೆಲಸವನ್ನು ಮಾಡಿದವರಲ್ಲಿ ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನರು ಪ್ರಮುಖರು. ಅವರ “ತಾಯಿ-ಮಗು” ಪುಸ್ತಕವನ್ನು ನಮ್ಮ ಕಾಲದ ಅನೇಕ ಗರ್ಭಿಣಿಯರು ಓದಿದ್ದಾರೆ.

ಡಬ್ಬದ ಹಾಲಿನ ವಿರುದ್ಧದ ಹೋರಾಟವೂ ಒಂದು ದೊಡ್ಡ ಅಧ್ಯಾಯ. 1939ರಲ್ಲಿ ಸಿಂಗಪುರದ ರೋಟರಿ ಕ್ಲಬ್ಬಿನಲ್ಲಿ ವೈದ್ಯೆ ಸಿಸಿಲಿ ವಿಲಿಯಮ್ಸ್ “ಹಾಲು ಮತ್ತು ಕೊಲೆ” ಎಂಬ ಶೀರ್ಷಿಕೆಯಲ್ಲಿ ಉಪನ್ಯಾಸ ಕೊಟ್ಟು, ತಪ್ಪು ಪ್ರಚಾರದಿಂದ ಶಿಶುಗಳು ಸಾಯುತ್ತಿವೆಯೆಂದು ಎಚ್ಚರಿಸಿದರು. 1981ರಲ್ಲಿ ವಿಶ್ವ ಆರೋಗ್ಯ ಸಭೆಯು ತಾಯಿಹಾಲಿನ ಬದಲಿ ಆಹಾರಗಳ ಮಾರಾಟಕ್ಕೆ ಸಂಹಿತೆಯೊಂದನ್ನು ಅಂಗೀಕರಿಸಿತು. ಪರವಾಗಿ 118 ಮತಗಳು, ವಿರುದ್ಧ ಬಿದ್ದದ್ದು ಅಮೆರಿಕದ ಒಂದೇ ಮತ. ಭಾರತದಲ್ಲಿ 1992ರಲ್ಲಿ ಕಾಯಿದೆಯಾಯಿತು. ಅದರಂತೆ ಶಿಶುಹಾಲಿನ ಜಾಹೀರಾತು, ಉಚಿತ ಮಾದರಿಗಳ ಹಂಚಿಕೆ, ಡಬ್ಬದ ಮೇಲೆ ಮಗುವಿನ ಚಿತ್ರ ಇವೆಲ್ಲ ನಿಷಿದ್ಧವಾದವು. 2003ರ ತಿದ್ದುಪಡಿ ಅದನ್ನು ಮತ್ತಷ್ಟು ಬಿಗಿಗೊಳಿಸಿತು. ಆರು ತಿಂಗಳವರೆಗೆ ತಾಯಿಹಾಲೊಂದೇ ಸಾಕು, ನೀರೂ ಬೇಡ ಎಂಬುದು 2001ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಾಗಿದೆ.

ಹಾಗಾದರೆ ಎಲ್ಲವೂ ಸರಿಹೋಯಿತೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಹಾಲು ಕಂಡ ಮಕ್ಕಳು ದೇಶದಲ್ಲಿ ಶೇ. 41.8 ಮಾತ್ರ. ಬಹುಪಾಲು ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿರುವ ಕಾಲದಲ್ಲೂ ಈ ಸ್ಥಿತಿ. ಶಸ್ತ್ರಚಿಕಿತ್ಸೆಯ ಹೆರಿಗೆ, ತಾಯಿಮಗುವನ್ನು ಅಗಲಿಸಿಡುವುದು, ಪಕ್ಕದಲ್ಲಿ ಕುಳಿತು ಹೇಳಿಕೊಡುವವರಿಲ್ಲದಿರುವುದು ಇದಕ್ಕೆ ಕಾರಣಗಳಾಗಿವೆ.

ನಮ್ಮೂರಿನ ವಿಷಯಕ್ಕೆ ಬಂದರೆ ಇನ್ನೊಂದು ಕಷ್ಟವಿದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ, ಬಂಗಾರಪೇಟೆಗಳ ರೈಲು ಹತ್ತಿ ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. ಅವರಲ್ಲಿ ಎಳೆಯ ತಾಯಂದಿರೂ ಇದ್ದಾರೆ. ದುಡಿಯುವ ತಾಯಿಗೆ ಹಾಲೂಡಿಸಲು ದಿನಕ್ಕೆ ಎರಡು ಬಾರಿ ಅರ್ಧ ಗಂಟೆ ಬಿಡುವು ಇರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲಿಯೇ ಹೇಳಿತ್ತು. ನಮ್ಮ 1961ರ ಹೆರಿಗೆ ಸೌಲಭ್ಯ ಕಾಯಿದೆಯು ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಬಿಡುವುಗಳನ್ನು ಕೊಟ್ಟಿತು. 2017ರಲ್ಲಿ ರಜೆ 26 ವಾರಗಳಿಗೆ ಏರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇವನ್ನು ಉಳಿಸಿಕೊಂಡಿದೆ. ಆದರೆ ಕೂಸು ರಾಬರ್ಟ್‌ಸನ್‌ಪೇಟೆಯಲ್ಲಿ ಅಜ್ಜಿಯ ಮಡಿಲಲ್ಲಿದ್ದು ತಾಯಿ ನೂರು ಕಿಲೋಮೀಟರು ದೂರದಲ್ಲಿದ್ದರೆ ಆ ಬಿಡುವಿನಿಂದ ಏನು ಪ್ರಯೋಜನ? ದಿನಗೂಲಿಯ ತಾಯಿಗಂತೂ ರಜೆಯ ಮಾತೇ ಇಲ್ಲ. ಆದ್ದರಿಂದ ಮೊದಲ ದಿನಗಳಲ್ಲಿ ಹಾಲು ಚೆನ್ನಾಗಿ ನೆಲೆಗೊಳ್ಳುವುದು ಬಡತಾಯಿಗೆ ಹೆಚ್ಚು ಮುಖ್ಯ. ಹಿಂಡಿಟ್ಟು ಹೋಗುವಷ್ಟಾದರೂ ಆಗ ಅವಳಿಗೆ ಸಾಧ್ಯವಾದೀತು.

ಅಜ್ಜಿಯರಾಗಲಿರುವ ನನ್ನ ವಿದ್ಯಾರ್ಥಿನಿಯರು ಇಷ್ಟನ್ನು ನೆನಪಿಡಬೇಕು. ಹುಟ್ಟಿದ ಕೂಡಲೇ ಮಗುವನ್ನು ತಾಯಿಯ ಮೈಗೆ ತಾಗಿಸಿ ಮಲಗಿಸಿ. ಅಳುವ ತನಕ ಕಾಯಬೇಡಿ. ಕೈಯನ್ನು ಬಾಯಿಗೆ ಒಯ್ದರೆ, ತಲೆ ಹೊರಳಿಸಿ ಹುಡುಕಿದರೆ ಅದಕ್ಕೆ ಹಸಿವಾಗಿದೆಯೆಂದು ತಿಳಿಯಿರಿ. ರಂಪ ಮಾಡುವ ಕೂಸನ್ನು ಬಲವಂತವಾಗಿ ಎದೆಗೆ ಒತ್ತದೆ, ಮೊದಲು ಎತ್ತಿಕೊಂಡು ಸಮಾಧಾನಪಡಿಸಿ. ತೊಟ್ಟು ಮಾತ್ರವಲ್ಲದೆ ಸುತ್ತಲಿನ ಕಪ್ಪು ಭಾಗವೂ ಬಾಯಿಗೆ ಬಂದು, ಗಲ್ಲ ಎದೆಗೆ ತಾಗಿರಬೇಕು. ದಿನಕ್ಕೆ ಎಂಟರಿಂದ ಹನ್ನೆರಡು ಬಾರಿ ಕುಡಿಯುವುದು ಸಹಜ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದೂ ಸಹಜ. ಐದಾರನೆಯ ದಿನದ ಹೊತ್ತಿಗೆ ದಿನಕ್ಕೆ ಆರು ಸಲವಾದರೂ ಮೂತ್ರವಾದರೆ ಹಾಲು ಸಾಲುತ್ತಿದೆಯೆಂದು ಅರ್ಥ. ಮಗು ಮಂಕಾಗಿ ಕುಡಿಯದೆ ಮಲಗಿದರೆ, ಮೂತ್ರ ಕಡಿಮೆಯಾದರೆ, ಜ್ವರ ಬಂದರೆ, ಮೈ ಹಳದಿಯಾಗುತ್ತ ಹೋದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಿರಿ. ವೈದ್ಯರೇ ಪರೀಕ್ಷಿಸಿ ಬೇರೆ ಹಾಲು ಬೇಕೆಂದರೆ ಕೊಡಿ. ಅದರಲ್ಲಿ ತಾಯಿಯ ಸೋಲೇನೂ ಇಲ್ಲ.

ಎಲ್ಲಕ್ಕಿಂತ ಮಿಗಿಲಾಗಿ, “ಹಾಲಿಲ್ಲ” ಎಂಬ ಮಾತನ್ನು ಬಾಣಂತಿಯ ಮುಂದೆ ಆಡಬೇಡಿ. ಅವಳಿಗೆ ಹೊತ್ತಿಗೆ ಬಿಸಿ ಊಟ ಕೊಡಿ, ಮಗುವನ್ನು ಎತ್ತಿಕೊಂಡು ಎರಡು ಗಂಟೆ ನಿದ್ದೆ ಮಾಡಗೊಡಿ. ನಮ್ಮೂರಿನ ನೆಲದಿಂದ ಚಿನ್ನ ತೆಗೆಯಲು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಬೇಕಾಯಿತು. ಚಿನ್ನದ ಬಣ್ಣದ ಆ ಮೊದಲ ಹನಿಗಳಿಗೆ ಬೇಕಾದದ್ದು ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬರ ತಾಳ್ಮೆ ಮಾತ್ರ.