ಹೊಸಬರು ಯಾರು? ಪುಟ ಯಾರದು?

ಅಮೆರಿಕದ ಡಿ.ಸಿ. ಕಾಮಿಕ್ಸ್ ಕಂಪನಿ 1984ರಲ್ಲಿ ‘ನ್ಯೂ ಟ್ಯಾಲೆಂಟ್ ಶೋಕೇಸ್’ ಎಂಬ ಚಿತ್ರಕಥೆ ಪತ್ರಿಕೆ ಶುರು ಮಾಡಿತು. ಹೊಸದಾಗಿ ಬರೆಯುವವರಿಗೆ, ಹೊಸದಾಗಿ ಚಿತ್ರ ತೆಗೆಯುವವರಿಗೆ ಮೀಸಲಾದ ಪುಟಗಳು. 2016ರಲ್ಲಿ ಅದೇ ಹೆಸರಿನ ಸಂಚಿಕೆ ಮತ್ತೆ ಬಂತು. ಒಳ್ಳೇದು. ಆದರೆ ಗದಗ-ಬೆಟಗೇರಿ ಸೀಮೆಯ ನಾವು ಒಂದು ಮಾತು ಕೇಳಲೇಬೇಕು. ‘ಹೊಸಬರು’ ಅಂತ ಯಾರು ಯಾರನ್ನ ಕರೀತಾರ?

ಬೆಟಗೇರಿಯ ವೀರಗಲ್ಲು ನೋಡ್ರಿ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾದಾಟ, ನಡುವೆ ಸತ್ತವನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಅಕ್ಷರ ಬಾರದವರಿಗೂ ಕಥೆ ತಿಳೀತೈತಿ. ಚೌಕಟ್ಟು ಚೌಕಟ್ಟಾಗಿ ಕಥೆ ಹೇಳೂದು ಅಂದ್ರ ಇದೇ ಅಲ್ಲೇನು? ಶಾಸನವಿದ್ದಲ್ಲಿ ಸತ್ತ ವೀರನ ಹೆಸರು, ದೊರೆಯ ಹೆಸರು ಸಿಗತಾವ. ಉಳಿ ಹಿಡಿದವನ ಹೆಸರು ಸಿಗೂದು ಅಪರೂಪ.

ಮುಂಡರಗಿ ದಾಟಿದರೆ ಕೊಪ್ಪಳ ಸೀಮೆ. ಅಲ್ಲಿ ಮೋರನಾಳದಲ್ಲಿ ತೊಗಲುಗೊಂಬೆ ಆಡಿಸುವ ಶಿಳ್ಳೇಕ್ಯಾತರಿದ್ದಾರೆ. ಹದಮಾಡಿದ ತೊಗಲಿನ ಮೇಲೆ ಚಿತ್ರ ಬರೆದು, ಬಣ್ಣ ಹಚ್ಚಿ, ಹಿಂದೆ ದೀಪವಿಟ್ಟು ಊರೂರಿಗೆ ರಾಮಾಯಣ, ಮಹಾಭಾರತ ತೋರಿಸಿದವರು. ಚಿತ್ರವೂ ಅವರದೇ, ಮಾತೂ ಅವರದೇ, ಹಾಡೂ ಅವರದೇ. ಪರಿಶಿಷ್ಟ ಜಾತಿ ಪಟ್ಟಿಯಲ್ಲಿರುವ ಅಲೆಮಾರಿ ಜನ. ಇದೇ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದದ್ದು 2025ರಲ್ಲಿ, ವಯಸ್ಸು ತೊಂಬತ್ತು ದಾಟಿದ ಮೇಲೆ.

ಇನ್ನು ಅಚ್ಚಾದ ಚಿತ್ರಕಥೆ. ‘ಅಮರ ಚಿತ್ರಕಥೆ’ ಮೊದಲು ಬಂದದ್ದು ಕನ್ನಡದಲ್ಲಿ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. 1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರಿನ ಜಿ.ಕೆ. ಅನಂತರಾಂ ಅದಕ್ಕೆ ಕೈಹಾಕಿದರು. ಭಾಷೆ ನಮ್ಮದು, ಕಥೆ ಮಾತ್ರ ಸಿಂಡ್ರೆಲಾಳಂಥ ಪರದೇಶದ್ದು. ಆಮೇಲೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ ದೇವರು, ರಾಜರು, ಋಷಿಗಳು ಸಾಲುಗಟ್ಟಿ ಬಂದರು. ರಾಕ್ಷಸರ ಮೈಗೆ ಬಹುಪಾಲು ಕಪ್ಪು ಬಣ್ಣ. ಬಿಸಿಲಾಗ ದುಡಿದು ಕಪ್ಪಾದವರ ಕೂಸು ಆ ಪುಟದಾಗ ತನ್ನ ಅಪ್ಪನ್ನ ಎಲ್ಲಿ ಹುಡುಕಬೇಕಿತ್ತು?

ಬಾಬಾಸಾಹೇಬರ ಸಂಚಿಕೆ ಬಂದದ್ದು 1979ರಲ್ಲಿ. ಬರಹ ಎಸ್.ಎಸ್. ರೇಗೆ, ಚಿತ್ರ ದಿಲೀಪ್ ಕದಂ. ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದೂ ಅದೇ ವರ್ಷ. ಅಂಬೇಡ್ಕರ್ ಪುಟದೊಳಗೆ ಬಂದರು, ನಿಜ. ಪುಟದ ಯಜಮಾನಿಕೆ ಮಾತ್ರ ಇದ್ದಲ್ಲೇ ಇತ್ತು.

2011ರಲ್ಲಿ ನವಯಾನ ಪ್ರಕಾಶನ ‘ಭೀಮಾಯಣ’ ತಂದಿತು. ಚಿತ್ರ ಬರೆದವರು ಮಧ್ಯಪ್ರದೇಶದ ಪರಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್. ಬರಹ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು. ಚಿತ್ರಕಥೆಗೆ ಇವರಿಬ್ಬರೂ ಹೊಸಬರು, ಚಿತ್ರಕ್ಕೆ ತಲೆಮಾರುಗಳ ಹಳಬರು. ಮನುಷ್ಯರನ್ನು ಡಬ್ಬಿಯೊಳಗೆ ಕೂಡಿಹಾಕುವುದಿಲ್ಲವೆಂದು ಹೇಳಿ ಚೌಕಟ್ಟನ್ನೇ ಮುರಿದರು. ಮೆದು ಮಾತಿಗೆ ಹಕ್ಕಿಯ ಆಕಾರ ಕೊಟ್ಟರು. ಜಾತಿಯ ವಿಷ ಕಾರುವ ಮಾತಿಗೆ ಚೇಳಿನ ಕೊಂಡಿ ಇಟ್ಟರು. ನೀರು ನಿರಾಕರಿಸಿದ ಕಥೆಯಲ್ಲಿ ಮೀನು, ಹಕ್ಕಿ, ಮರ ಎಲ್ಲವೂ ಸಾಕ್ಷಿ ನಿಂತವು. ಇಂಥ ಕಲ್ಪನೆಯನ್ನು ಯಾವ ಕಂಪನಿಯ ತರಬೇತಿಯೂ ಇವರಿಗೆ ಕೊಟ್ಟಿದ್ದಲ್ಲ. ಗೋಡೆಗೆ, ನೆಲಕ್ಕೆ ಚಿತ್ರ ಬರೆದ ಮನೆತನದ ಕೈಯಿಂದ ಬಂದದ್ದು.

ಗದಗನ್ನು ‘ಮುದ್ರಣ ಕಾಶಿ’ ಅಂತಾರ. ಅಚ್ಚುಮೊಳೆಯ ಕಾಲದಲ್ಲಿ ಚಿತ್ರ ಅಚ್ಚಾಗಬೇಕಂದ್ರ ಬ್ಲಾಕ್ ಮಾಡಿಸಬೇಕು. ಬ್ಲಾಕಿಗೆ ರೊಕ್ಕ ಬೇಕು. ರೊಕ್ಕ ಇಲ್ಲದ ಸಣ್ಣ ಪತ್ರಿಕೆಗಳಿಗೆ ಚಿತ್ರ ಅನ್ನೂದು ದುಬಾರಿ ಬಾಬತ್ತಾಗಿತ್ತು. ಆ ನೆಪ ಈಗ ಉಳಿದಿಲ್ಲ. ಶರದ್ ಶರ್ಮಾ ಅವರ ವರ್ಲ್ಡ್ ಕಾಮಿಕ್ಸ್ ಇಂಡಿಯಾ ಹಳ್ಳಿಯ ಜನರಿಗೆ ಕಲಿಸಿದ ದಾರಿ ಸರಳ: ಎರಡು ಹಾಳೆ, ನಾಲ್ಕು ಚೌಕ, ಕಪ್ಪು ಪೆನ್ನು, ಝೆರಾಕ್ಸ್. ಆಮೇಲೆ ಊರ ಗೋಡೆಗೆ ಅಂಟಿಸೂದು.

ಲಕ್ಷ್ಮೇಶ್ವರ, ಶಿರಹಟ್ಟಿಯ ಮಾಸ್ತರರೇ, ಅಕ್ಕೋರೇ, ನಿಮ್ಮ ಸಾಲಿಯ ಹಿಂದಿನ ಬೆಂಚಿನಾಗ ನೋಟುಬುಕ್ಕಿನ ಅಂಚಿಗೆ ಚಿತ್ರ ಗೀಚುವ ಹುಡುಗಿ ಇರ್ತಾಳ. ಬೈಯಬ್ಯಾಡ್ರಿ. ಆಕಿಗೆ ನಾಲ್ಕು ಚೌಕ ಹಾಕಿಕೊಡ್ರಿ. ನಿಮ್ಮ ಕೇರಿಯ ನಲ್ಲಿಯ ಕಥೆ ಬರಿ ಅನ್ರಿ. ಮರೀದೇ ಕೆಳಗ ಆಕಿಯ ಹೆಸರು ಬರೆಸ್ರಿ. ವೀರಗಲ್ಲು ಕೆತ್ತಿದವನಿಗೆ ಸಿಗದ ಆ ಜಾಗ ಆಕಿಗೆ ಸಿಗಲಿ.