ಮರೆತ ಖಾತೆ, ತೆರೆದ ಬಾಗಿಲು: ಸಂಸ್ಥೆಗಳಲ್ಲಿ ಲಾಗಿನ್ ನಿರ್ವಹಣೆ ಹೇಗಿರಬೇಕು?

2021ರ ಮೇ 7ರ ಬೆಳಗಿನ ಜಾವ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯ ನಿಯಂತ್ರಣ ಕೊಠಡಿಯ ಗಣಕದ ಪರದೆಯ ಮೇಲೆ ಹಣ ಸುಲಿಯುವ ಬೆದರಿಕೆಯ ಟಿಪ್ಪಣಿಯೊಂದು ಮೂಡಿತು. ಟೆಕ್ಸಾಸ್‌ನಿಂದ ನ್ಯೂಜೆರ್ಸಿಯವರೆಗೆ ಸುಮಾರು 5,500 ಮೈಲಿ ಉದ್ದದ ಈ ಕೊಳವೆ ಮಾರ್ಗವು ಆ ದೇಶದ ಪೂರ್ವ ಕರಾವಳಿಗೆ ಬೇಕಾದ ಇಂಧನದಲ್ಲಿ ಸುಮಾರು ಶೇ. 45ರಷ್ಟನ್ನು ಸಾಗಿಸುತ್ತದೆ. ಕಂಪನಿ ಕೂಡಲೇ ಇಡೀ ಮಾರ್ಗವನ್ನು ಸ್ಥಗಿತಗೊಳಿಸಿತು. ಪೆಟ್ರೋಲ್ ಬಂಕ್‌ಗಳ ಮುಂದೆ ವಾಹನಗಳ ಸಾಲು ಬೆಳೆಯಿತು. ಇಂಧನ ಮತ್ತೆ ಹರಿಯತೊಡಗಿದ್ದು ಮೇ 12ರಂದು. ಅಷ್ಟರೊಳಗೆ ಕಂಪನಿಯು ದಾಳಿಕೋರರಿಗೆ 75 ಬಿಟ್‌ಕಾಯಿನ್, ಅಂದರೆ ಅಂದಿನ ಬೆಲೆಯಲ್ಲಿ ಸುಮಾರು 44 ಲಕ್ಷ ಡಾಲರ್, ತೆತ್ತಾಗಿತ್ತು. ಅದರಲ್ಲಿ 63.7 ಬಿಟ್‌ಕಾಯಿನ್‌ಗಳನ್ನು ಅಮೆರಿಕ ಸರ್ಕಾರ ಆನಂತರ ವಶಪಡಿಸಿಕೊಂಡಿತು.

ಇಷ್ಟೆಲ್ಲ ಅನಾಹುತಕ್ಕೆ ದಾರಿಯಾದದ್ದು ದೂರದಿಂದ ಕಚೇರಿಯ ಜಾಲಕ್ಕೆ ಸಂಪರ್ಕ ಕಲ್ಪಿಸುವ ಹಳೆಯ ವಿಪಿಎನ್ ವ್ಯವಸ್ಥೆಯ ಒಂದು ಲಾಗಿನ್ ಖಾತೆ. ಅದರ ಬಳಕೆ ನಿಂತಿತ್ತು. ಆದರೆ ಅದನ್ನು ಯಾರೂ ಮುಚ್ಚಿರಲಿಲ್ಲ. ಪಾಸ್‌ವರ್ಡ್ ಸುಲಭದ್ದೇನೂ ಆಗಿರಲಿಲ್ಲ ಎಂದು ಕಂಪನಿಯ ಮುಖ್ಯಸ್ಥ ಜೋಸೆಫ್ ಬ್ಲೌಂಟ್ ಅವರು ಅಮೆರಿಕದ ಸೆನೆಟ್ ಸಮಿತಿಯ ಮುಂದೆ ತಿಳಿಸಿದರು. ಆದರೆ ಪಾಸ್‌ವರ್ಡ್‌ನ ಹಿಂದೆ ಎರಡನೆಯ ತಡೆಗೋಡೆ ಇರಲಿಲ್ಲ.

ಗಣಕ ಭದ್ರತೆಯೆಂದರೆ ದುಬಾರಿ ತಂತ್ರಾಂಶವೆಂದು ಭಾವಿಸುವ ಸಂಸ್ಥೆಗಳಿಗೆ ಈ ಪ್ರಕರಣದಲ್ಲಿ ಪಾಠವಿದೆ. ಯಾವ ಬಾಗಿಲಿನ ಕೀಲಿಕೈ ಯಾರ ಬಳಿ ಇದೆ, ಅದು ಇಂದಿಗೂ ಅವರ ಬಳಿ ಇರಬೇಕೇ ಎಂಬ ಪ್ರಶ್ನೆಗೆ ಸದಾ ಉತ್ತರ ಸಿದ್ಧವಿರುವುದೇ ಭದ್ರತೆಯ ತಳಹದಿ.

ನಾಲ್ಕು ಹಂತಗಳು

ಸಂಸ್ಥೆಯೊಂದರ ಗಣಕ ವ್ಯವಸ್ಥೆಗೆ ಪ್ರವೇಶ ನೀಡುವ ಕಾರ್ಯದಲ್ಲಿ ನಾಲ್ಕು ಹಂತಗಳಿವೆ. ಬ್ಯಾಂಕಿನ ಲಾಕರ್ ಕೊಠಡಿಯನ್ನು ನೆನೆದರೆ ಇವು ಸುಲಭವಾಗಿ ಅರ್ಥವಾಗುತ್ತವೆ. ಗ್ರಾಹಕ ತಾನು ಯಾರೆಂದು ಹೇಳುವುದು ಗುರುತು. ಸಹಿಯನ್ನು ತಾಳೆ ನೋಡಿ ಆತ ಹೇಳಿದ್ದು ನಿಜವೆಂದು ಖಚಿತಪಡಿಸಿಕೊಳ್ಳುವುದು ದೃಢೀಕರಣ. ಆತನಿಗೆ ಸೇರಿದ ಲಾಕರ್ ಮಾತ್ರ ತೆರೆಯಲು ಬಿಡುವುದು ಅಧಿಕಾರ ನಿಗದಿ. ಬಂದ ಹೊತ್ತು, ಹೋದ ಹೊತ್ತನ್ನು ಪುಸ್ತಕದಲ್ಲಿ ಬರೆದಿಡುವುದು ದಾಖಲೆ. ಹೆಚ್ಚಿನ ಸಂಸ್ಥೆಗಳು ಎರಡನೆಯ ಹಂತಕ್ಕೆ, ಅಂದರೆ ಪಾಸ್‌ವರ್ಡ್‌ಗೆ, ಎಲ್ಲ ಗಮನವನ್ನೂ ಮೀಸಲಿಟ್ಟು ಉಳಿದ ಮೂರನ್ನು ಮರೆಯುತ್ತವೆ.

ಪಾಸ್‌ವರ್ಡ್‌ನ ಹುಟ್ಟು ಮತ್ತು ಮಿತಿ

ಗಣಕಲೋಕಕ್ಕೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫೆರ್ನಾಂಡೊ ಕೊರ್ಬಾಟೊ ನೇತೃತ್ವದ ತಂಡವು ಒಂದೇ ಗಣಕವನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆಯನ್ನು ರೂಪಿಸಿದಾಗ, ಪ್ರತಿಯೊಬ್ಬರ ಕಡತವನ್ನೂ ಪ್ರತ್ಯೇಕವಾಗಿಡಲು ಪಾಸ್‌ವರ್ಡ್ ಬಳಸಿತು. ಕೆಲವೇ ದಿನಗಳಲ್ಲಿ ಅದರ ದೌರ್ಬಲ್ಯವೂ ಬಯಲಾಯಿತು. ತನಗೆ ನಿಗದಿಯಾದ ಗಣಕ ಸಮಯ ಸಾಲದೆಂದು 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧಕ ಎಲ್ಲರ ಪಾಸ್‌ವರ್ಡ್‌ಗಳ ಪಟ್ಟಿಯನ್ನೇ ಮುದ್ರಿಸಿಕೊಂಡಿದ್ದರು.

ದೊಡ್ಡಕ್ಷರ, ಅಂಕಿ, ಚಿಹ್ನೆಗಳನ್ನು ಬೆರೆಸಿ, ಆಗಾಗ್ಗೆ ಬದಲಿಸುತ್ತಿರಬೇಕೆಂಬ ನಿಯಮಕ್ಕೆ ಬಲ ತಂದದ್ದು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಾದ ನಿಸ್ಟ್‌ನ 2003ರ ಮಾರ್ಗಸೂಚಿ. ಪರಿಣಾಮ ತಿರುವುಮುರುವಾಯಿತು. ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕಾದ ನೌಕರ ಕೊನೆಯ ಅಂಕಿಯನ್ನಷ್ಟೇ ಬದಲಿಸುತ್ತಾನೆ. ಇಲ್ಲವೇ ಚೀಟಿಯಲ್ಲಿ ಬರೆದು ಗಣಕದ ಪರದೆಗೆ ಅಂಟಿಸುತ್ತಾನೆ. ಆ ಮಾರ್ಗಸೂಚಿಯನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ ತಮ್ಮ ಸಲಹೆಯ ಬಗ್ಗೆ ವಿಷಾದ ವ್ಯಕ್ತಪಡಿಸಿದರು. ಅದೇ ವರ್ಷ ನಿಸ್ಟ್ ತನ್ನ ನಿಲುವನ್ನು ಬದಲಿಸಿತು. ಸೋರಿಕೆಯ ಸುಳಿವಿಲ್ಲದೆ ಪಾಸ್‌ವರ್ಡ್ ಬದಲಿಸುವಂತೆ ಒತ್ತಾಯಿಸುವುದು ಬೇಡ, ಈಗಾಗಲೇ ಸೋರಿಕೆಯಾದ ಪಾಸ್‌ವರ್ಡ್‌ಗಳನ್ನು ಒಪ್ಪಿಕೊಳ್ಳುವುದು ಬೇಡ ಎಂಬುದು ಹೊಸ ಸೂತ್ರ. 2025ರ ಪರಿಷ್ಕರಣೆಯಂತೆ, ಪಾಸ್‌ವರ್ಡ್ ಒಂದನ್ನೇ ನೆಚ್ಚಿಕೊಳ್ಳುವ ಕಡೆ ಅದು ಕನಿಷ್ಠ 15 ಅಕ್ಷರಗಳಷ್ಟು ಉದ್ದವಿರಬೇಕು.

ಒಂದೇ ಲಾಗಿನ್, ಹತ್ತು ಮಂದಿ

ಕಚೇರಿಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವ ಮತ್ತೊಂದು ದೋಷವೆಂದರೆ ಹಂಚಿಕೊಂಡ ಲಾಗಿನ್. ಸಾಹೇಬರ ಪಾಸ್‌ವರ್ಡ್ ಗುಮಾಸ್ತರಿಗೆ ಗೊತ್ತು, ಗುಮಾಸ್ತರದು ಗುತ್ತಿಗೆ ನೌಕರನಿಗೆ ಗೊತ್ತು. ಕೆಲಸ ನಿಲ್ಲಬಾರದೆಂಬ ಸದುದ್ದೇಶದಿಂದಲೇ ಇದು ಆರಂಭವಾಗುತ್ತದೆ. ಆದರೆ ತಪ್ಪು ನಡೆದ ದಿನ ಅದನ್ನು ಮಾಡಿದವರು ಯಾರೆಂದು ಹೇಳಲು ಸಾಧ್ಯವಾಗುವುದಿಲ್ಲ. ತಪ್ಪಿತಸ್ಥ ನುಣುಚಿಕೊಳ್ಳುತ್ತಾನೆ, ನಿರಪರಾಧಿಯ ಹೆಸರು ದಾಖಲೆಯಲ್ಲಿ ಉಳಿಯುತ್ತದೆ.

ಈ ಸಮಸ್ಯೆಯನ್ನು ಬಹಳ ಮೊದಲೇ ಗ್ರಹಿಸಿದ ಯೋಜನೆಯೊಂದು ಕರ್ನಾಟಕದಲ್ಲೇ ಇದೆ. 2000ದ ಆಸುಪಾಸಿನಲ್ಲಿ ಕಂದಾಯ ಇಲಾಖೆ ಜಾರಿಗೆ ತಂದ 'ಭೂಮಿ' ಯೋಜನೆಯಡಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಭೂದಾಖಲೆಗಳು ಗಣಕಕ್ಕೇರಿದವು. ಪಹಣಿಯನ್ನು ತಿದ್ದುವ ಅಧಿಕಾರ ಎಷ್ಟು ಬೆಲೆಯುಳ್ಳದ್ದೆಂಬುದನ್ನು ರೈತರಿಗೆ ವಿವರಿಸಬೇಕಾಗಿಲ್ಲ. ಆದ್ದರಿಂದ ತಾಲ್ಲೂಕು ಕಚೇರಿಯ ಸಿಬ್ಬಂದಿ ಪಾಸ್‌ವರ್ಡ್ ಬದಲು ಬೆರಳಚ್ಚು ನೀಡಿಯೇ ತಂತ್ರಾಂಶವನ್ನು ಪ್ರವೇಶಿಸುವ ವ್ಯವಸ್ಥೆ ಮಾಡಲಾಯಿತು. ಪ್ರತಿ ವ್ಯವಹಾರವೂ ದಾಖಲಾಗುವಂತೆ ನೋಡಿಕೊಳ್ಳಲಾಯಿತು. 'ನನ್ನ ಪಾಸ್‌ವರ್ಡ್ ಬಳಸಿ ಬೇರೆ ಯಾರೋ ಮಾಡಿದರು' ಎಂಬ ಸಬೂಬಿಗೆ ಅಲ್ಲಿ ಅವಕಾಶವಿರಲಿಲ್ಲ. ಒಬ್ಬ ವ್ಯಕ್ತಿಗೆ ಒಂದೇ ಗುರುತು, ಒಂದು ಗುರುತಿಗೆ ಒಬ್ಬನೇ ವ್ಯಕ್ತಿ ಎಂಬುದು ಇದರ ಹಿಂದಿನ ತತ್ತ್ವ.

ಸೇರ್ಪಡೆ, ವರ್ಗಾವಣೆ, ನಿರ್ಗಮನ

ನೌಕರನೊಬ್ಬನ ಗಣಕ ಗುರುತಿಗೂ ಹುಟ್ಟು, ಬೆಳವಣಿಗೆ, ಕೊನೆಗಳಿವೆ. ಸೇರ್ಪಡೆಯ ದಿನ ಖಾತೆ ತೆರೆಯಲು ಯಾರೂ ಮರೆಯುವುದಿಲ್ಲ, ಏಕೆಂದರೆ ಅದಿಲ್ಲದೆ ಕೆಲಸವೇ ಆರಂಭವಾಗದು. ವರ್ಗಾವಣೆಯಾದಾಗ ಹೊಸ ಅಧಿಕಾರ ಸೇರುತ್ತದೆ, ಹಳೆಯದು ಹಾಗೆಯೇ ಉಳಿಯುತ್ತದೆ. ಹತ್ತು ವರ್ಷ ನಾಲ್ಕು ವಿಭಾಗಗಳಲ್ಲಿ ದುಡಿದ ಹಿರಿಯ ನೌಕರನ ಕೈಯಲ್ಲಿ ನಾಲ್ಕೂ ವಿಭಾಗಗಳ ಕೀಲಿಗಳಿರುತ್ತವೆ. ನಿರ್ಗಮನದ ದಿನ ಗುರುತಿನ ಚೀಟಿ, ಲ್ಯಾಪ್‌ಟಾಪ್ ಹಿಂಪಡೆಯಲಾಗುತ್ತದೆ. ಕಣ್ಣಿಗೆ ಕಾಣದ ಲಾಗಿನ್‌ಗಳು ಉಳಿದುಬಿಡುತ್ತವೆ.

ತಂತ್ರಜ್ಞಾನದಲ್ಲಿ ಪಳಗಿದ ಕಂಪನಿಗಳೂ ಇದಕ್ಕೆ ಹೊರತಲ್ಲ. ಸಿಸ್ಕೊ ಕಂಪನಿಗೆ 2018ರ ಏಪ್ರಿಲ್‌ನಲ್ಲಿ ರಾಜೀನಾಮೆ ನೀಡಿದ್ದ ಎಂಜಿನಿಯರ್ ಒಬ್ಬ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅನುಮತಿಯಿಲ್ಲದೆ ಅದರ ಕ್ಲೌಡ್ ವ್ಯವಸ್ಥೆಯನ್ನು ಹೊಕ್ಕು 456 ವರ್ಚುವಲ್ ಗಣಕಗಳನ್ನು ಅಳಿಸಿಹಾಕಿದ. 16,000ಕ್ಕೂ ಹೆಚ್ಚು ವೆಬೆಕ್ಸ್ ಟೀಮ್ಸ್ ಖಾತೆಗಳು ಎರಡು ವಾರಗಳವರೆಗೆ ಸ್ಥಗಿತಗೊಂಡವು. ಸರಿಪಡಿಸಲು ಕಂಪನಿಗೆ ಸುಮಾರು 14 ಲಕ್ಷ ಡಾಲರ್ ವೆಚ್ಚವಾಯಿತು. ಗ್ರಾಹಕರಿಗೆ 10 ಲಕ್ಷ ಡಾಲರ್‌ಗೂ ಹೆಚ್ಚು ಹಣ ಮರಳಿಸಬೇಕಾಯಿತು. ಆತನಿಗೆ 2020ರಲ್ಲಿ ಎರಡು ವರ್ಷಗಳ ಸೆರೆವಾಸ ವಿಧಿಸಲಾಯಿತು.

ಇದಕ್ಕೆ ಪರಿಹಾರ ತಂತ್ರಜ್ಞರ ಬಳಿಯಷ್ಟೇ ಇಲ್ಲ. ಯಾರು ಸೇರಿದರು, ಯಾರು ಹೋದರು ಎಂಬ ಮಾಹಿತಿ ಮೊದಲು ತಿಳಿಯುವುದು ಸಿಬ್ಬಂದಿ ವಿಭಾಗಕ್ಕೆ. ಆ ವಿಭಾಗದ ನೋಂದಣಿ ಪುಸ್ತಕ ಮತ್ತು ಲಾಗಿನ್ ಪಟ್ಟಿ ಪರಸ್ಪರ ಜೋಡಣೆಯಾಗಿದ್ದರೆ, ಬಿಡುಗಡೆ ಪತ್ರಕ್ಕೆ ಸಹಿ ಬಿದ್ದ ಗಳಿಗೆಯಲ್ಲೇ ಎಲ್ಲ ಬಾಗಿಲುಗಳೂ ಮುಚ್ಚುತ್ತವೆ. ಗುತ್ತಿಗೆ ನೌಕರರು, ಹೊರಗಿನ ಲೆಕ್ಕಪರಿಶೋಧಕರು ಮತ್ತು ತಂತ್ರಾಂಶ ಪೂರೈಕೆದಾರರು ಆ ಪುಸ್ತಕದಲ್ಲಿ ಇರುವುದೇ ಇಲ್ಲವಾದ್ದರಿಂದ, ಅವರ ಖಾತೆಗಳಿಗೆ ಆರಂಭದಲ್ಲೇ ಮುಕ್ತಾಯದ ದಿನಾಂಕ ನಮೂದಿಸುವುದು ಉತ್ತಮ.

ಬೇಕಾದಷ್ಟೇ ಅಧಿಕಾರ

ಕೆಲಸಕ್ಕೆ ಅಗತ್ಯವಾದಷ್ಟೇ ಅಧಿಕಾರ ನೀಡಬೇಕೆಂಬ ತತ್ತ್ವವನ್ನು ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ 1975ರ ಪ್ರಬಂಧದಲ್ಲಿ ಸ್ಪಷ್ಟವಾಗಿ ಮಂಡಿಸಿದ್ದರು. ಅದನ್ನು ಕಾರ್ಯರೂಪಕ್ಕೆ ತರಲು ನೆರವಾದದ್ದು 1992ರಲ್ಲಿ ನಿಸ್ಟ್‌ನ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ ಪ್ರತಿಪಾದಿಸಿದ ಪಾತ್ರಾಧಾರಿತ ಪದ್ಧತಿ. ಇದರಂತೆ ಅಧಿಕಾರವು ವ್ಯಕ್ತಿಗಲ್ಲ, ಹುದ್ದೆಗೆ ಸೇರುತ್ತದೆ. 'ನಗದು ಗುಮಾಸ್ತ' ಎಂಬ ಪಾತ್ರಕ್ಕೆ ಏನೆಲ್ಲ ಬೇಕೆಂದು ಒಮ್ಮೆ ನಿರ್ಧರಿಸಿದರೆ, ಆ ಕುರ್ಚಿಗೆ ಬಂದವರಿಗೆ ಅದು ದೊರೆಯುತ್ತದೆ, ಎದ್ದುಹೋದವರಿಂದ ಕಳಚಿಕೊಳ್ಳುತ್ತದೆ. ಬಿಲ್ ಸಿದ್ಧಪಡಿಸುವವರೇ ಅದನ್ನು ಮಂಜೂರು ಮಾಡಬಾರದೆಂಬ ಖಜಾನೆಯ ಹಳೆಯ ಶಿಸ್ತನ್ನೂ ಇದೇ ಪದ್ಧತಿಯಲ್ಲಿ ಅಳವಡಿಸಬಹುದು.

ಎಲ್ಲವನ್ನೂ ಬದಲಿಸಬಲ್ಲ ನಿರ್ವಾಹಕ ಖಾತೆಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮಿಂಚಂಚೆ ಓದಲು ಒಂದು ಖಾತೆ, ನಿರ್ವಹಣೆಗೆ ಮತ್ತೊಂದು ಖಾತೆ ಇರಬೇಕು. ಮನುಷ್ಯರಲ್ಲದೆ ತಂತ್ರಾಂಶಗಳೇ ಬಳಸುವ ಖಾತೆಗಳಿಗೂ ಹೊಣೆಗಾರನೊಬ್ಬನ ಹೆಸರಿರಬೇಕು. ಇಲ್ಲದಿದ್ದರೆ ಅವು ಮರೆತುಹೋಗುವ ಖಾತೆಗಳ ಪಟ್ಟಿಯಲ್ಲಿ ಮೊದಲ ಸಾಲಿಗೆ ಬರುತ್ತವೆ.

ಒಂದೇ ಹೆಬ್ಬಾಗಿಲು

ಹಾಜರಾತಿಗೊಂದು, ವೇತನಕ್ಕೊಂದು, ಮಿಂಚಂಚೆಗೊಂದು ಎಂದು ಹತ್ತಾರು ಪಾಸ್‌ವರ್ಡ್‌ಗಳಿದ್ದರೆ ನೌಕರ ಎಲ್ಲಕ್ಕೂ ಒಂದನ್ನೇ ಇಟ್ಟುಕೊಳ್ಳುತ್ತಾನೆ. ಒಮ್ಮೆ ಲಾಗಿನ್ ಆದರೆ ಎಲ್ಲ ಸೇವೆಗಳೂ ತೆರೆದುಕೊಳ್ಳುವ ಏಕ ಪ್ರವೇಶ ವ್ಯವಸ್ಥೆ ಇದಕ್ಕೆ ಉತ್ತರ. ಮೆಸಾಚುಸೆಟ್ಸ್ ಸಂಸ್ಥೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಕರ್ಬೆರೋಸ್ ಇದರ ಪೂರ್ವಜ. ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರದು. ವಿಂಡೋಸ್ 2000ದೊಡನೆ ಬಂದ ಆಕ್ಟಿವ್ ಡೈರೆಕ್ಟರಿ ಅದನ್ನು ಕಚೇರಿ ಕಚೇರಿಗೂ ತಲುಪಿಸಿತು. ಅಂತರ್ಜಾಲದ ಸೇವೆಗಳಿಗಾಗಿ 2005ರಲ್ಲಿ ಸ್ಯಾಮಲ್ 2.0, 2014ರಲ್ಲಿ ಓಪನ್‌ಐಡಿ ಕನೆಕ್ಟ್ ಎಂಬ ಮಾನಕಗಳು ಬಂದವು.

ಏಕ ಪ್ರವೇಶದ ದೊಡ್ಡ ಲಾಭವೆಂದರೆ, ಹೊರಟುಹೋದವರ ಪ್ರವೇಶವನ್ನು ಒಂದೇ ಕಡೆ ಮುಚ್ಚಬಹುದು. ಅಪಾಯವೂ ಅಲ್ಲೇ ಇದೆ. ಆ ಹೆಬ್ಬಾಗಿಲು ಮುರಿದರೆ ಇಡೀ ಕೋಟೆ ಶತ್ರುವಿನ ವಶ. ಆದ್ದರಿಂದ ಅದಕ್ಕೆ ಎರಡನೆಯ ಬೀಗ ಅನಿವಾರ್ಯ.

ಎರಡನೆಯ ಬೀಗ

ಪಾಸ್‌ವರ್ಡ್ ಎಂಬುದು ಬಳಕೆದಾರನಿಗೆ ತಿಳಿದಿರುವ ಸಂಗತಿ. ಎರಡನೆಯ ಬೀಗವು ಆತನ ಬಳಿ ಇರುವ ವಸ್ತುವನ್ನೋ ಬೆರಳಚ್ಚನ್ನೋ ಅವಲಂಬಿಸುತ್ತದೆ. ಮೊಬೈಲ್‌ಗೆ ಎಸ್‌ಎಂಎಸ್ ಮೂಲಕ ಬರುವ ಒಟಿಪಿ ಎಲ್ಲರಿಗೂ ಪರಿಚಿತ. ಆದರೆ ಸಿಮ್ ಕಾರ್ಡನ್ನು ವಂಚನೆಯಿಂದ ಬದಲಿಸಿಕೊಂಡವರ ಕೈಗೂ ಅದು ಸಿಗುತ್ತದೆ. ಮೊಬೈಲ್‌ನ ಆಪ್‌ನಲ್ಲಿ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುವ ಸಂಖ್ಯೆ ಅದಕ್ಕಿಂತ ಮೇಲು. ಆದರೂ ನಕಲಿ ಪುಟದಲ್ಲಿ ಅದನ್ನು ಬಳಕೆದಾರನಿಂದಲೇ ಬರೆಸಿಕೊಳ್ಳಬಹುದು.

'ಒಪ್ಪಿಗೆ' ಗುಂಡಿ ಒತ್ತುವ ವಿಧಾನದ ದೌರ್ಬಲ್ಯ 2022ರ ಸೆಪ್ಟೆಂಬರ್‌ನಲ್ಲಿ ಉಬರ್ ಕಂಪನಿಯಲ್ಲಿ ಬೆಳಕಿಗೆ ಬಂತು. ಗುತ್ತಿಗೆದಾರನೊಬ್ಬನ ಪಾಸ್‌ವರ್ಡ್ ಪಡೆದ ದಾಳಿಕೋರ ಮತ್ತೆ ಮತ್ತೆ ಲಾಗಿನ್‌ಗೆ ಯತ್ನಿಸಿದ. ಮೊಬೈಲ್‌ಗೆ ಬರುತ್ತಿದ್ದ ಕೋರಿಕೆಗಳಲ್ಲಿ ಒಂದಕ್ಕೆ ಆ ಗುತ್ತಿಗೆದಾರ ಕೊನೆಗೆ ಒಪ್ಪಿಗೆ ನೀಡಿಬಿಟ್ಟ.

ಸದ್ಯಕ್ಕೆ ಬಲವಾದ ಉಪಾಯವೆಂದರೆ ಪಾಸ್‌ಕೀ ಮತ್ತು ಭದ್ರತಾ ಕೀಲಿ. ಇದಕ್ಕೆ ಆಧಾರವಾದ ವೆಬ್‌ಆಥ್ನ್ ಮಾನಕವನ್ನು ವರ್ಲ್ಡ್ ವೈಡ್ ವೆಬ್ ಒಕ್ಕೂಟ 2019ರಲ್ಲಿ ಅಂಗೀಕರಿಸಿತು. ಇದರಲ್ಲಿ ರಹಸ್ಯ ಕೀಲಿಯನ್ನು ಜಾಲತಾಣಕ್ಕೆ ಎಂದೂ ಒಪ್ಪಿಸುವುದಿಲ್ಲ. ಅಸಲಿ ಜಾಲತಾಣದ ವಿಳಾಸ ಹೊಂದಿಕೆಯಾಗದಿದ್ದರೆ ಅದು ಕೆಲಸವನ್ನೇ ಮಾಡದು. ನಕಲಿ ಪುಟಕ್ಕೆ ಮನುಷ್ಯ ಮೋಸಹೋದರೂ ಕೀಲಿ ಮೋಸಹೋಗುವುದಿಲ್ಲ.

ಆದರೆ ಬೀಗ ಎಷ್ಟೇ ಭದ್ರವಿದ್ದರೂ 'ಕೀಲಿ ಕಳೆದಿದೆ, ಹೊಸದು ಕೊಡಿ' ಎಂದು ಕೇಳಿದವರಿಗೆಲ್ಲ ಕೊಟ್ಟರೆ ಫಲವಿಲ್ಲ. 2025ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಮಳಿಗೆಗಳ ಮೇಲೆ ನಡೆದ ದಾಳಿ ಆರಂಭವಾದದ್ದು ಬೇರೊಬ್ಬರ ಸೋಗು ಹಾಕಿದವರಿಂದ. ಕಂಪನಿಯ ಆನ್‌ಲೈನ್ ಮಾರಾಟ ಆರು ವಾರಗಳಿಗೂ ಹೆಚ್ಚು ಕಾಲ ನಿಂತಿತು. ಫೋನ್ ಕರೆಯ ಮೇಲೆ ಪಾಸ್‌ವರ್ಡ್ ಬದಲಿಸಿಕೊಡುವ ಸಹಾಯವಾಣಿ ಸಿಬ್ಬಂದಿಗೆ ಕರೆ ಮಾಡಿದವರನ್ನು ಪರೀಕ್ಷಿಸುವ ಖಚಿತ ವಿಧಾನ ಇರಲೇಬೇಕು.

ಕಾನೂನು ಹೇಳುವುದೇನು?

ಭಾರತದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ನಿಗದಿತ ಬಗೆಯ ಸೈಬರ್ ಘಟನೆಗಳನ್ನು ಅರಿವಿಗೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಗಣಕ ವ್ಯವಸ್ಥೆಯ ದಾಖಲೆಗಳನ್ನು 180 ದಿನ ಕಾಪಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯು ಸೂಕ್ತ ಭದ್ರತಾ ಕ್ರಮ ಕೈಗೊಳ್ಳದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ನೀಡುತ್ತದೆ. ಹಂತ ಹಂತವಾಗಿ ಜಾರಿಗೆ ಬರುವಂತೆ 2025ರ ನವೆಂಬರ್‌ನಲ್ಲಿ ಪ್ರಕಟವಾದ ಇದರ ನಿಯಮಗಳಲ್ಲಿ, ದತ್ತಾಂಶಕ್ಕೆ ಪ್ರವೇಶ ನಿಯಂತ್ರಿಸುವ ಹಾಗೂ ಪ್ರವೇಶದ ದಾಖಲೆ ಇಡುವ ಹೊಣೆ ಸ್ಪಷ್ಟವಾಗಿ ನಮೂದಾಗಿದೆ.

ಚಿಕ್ಕ ಸಂಸ್ಥೆಗಳಿಗೆ ಕೈಪಿಡಿ

ಇಪ್ಪತ್ತು ಮಂದಿಯ ಕಚೇರಿ, ಸಹಕಾರ ಸಂಘ, ಶಾಲೆ ಅಥವಾ ನರ್ಸಿಂಗ್ ಹೋಮ್‌ಗೆ ಈ ಕ್ರಮಗಳು ಸಾಧ್ಯ. ಇವುಗಳಲ್ಲಿ ಹೆಚ್ಚಿನವಕ್ಕೆ ಖರ್ಚೂ ಇಲ್ಲ:

1. ಸಂಸ್ಥೆಯ ಎಲ್ಲ ಲಾಗಿನ್‌ಗಳ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಹೊಣೆಗಾರರ ಹೆಸರು ಬರೆಯುವುದು. ಹೆಸರು ಸಿಗದ ಖಾತೆಯನ್ನು ವಿಚಾರಿಸಿ ಮುಚ್ಚುವುದು.
2. ಹಂಚಿಕೊಂಡ ಲಾಗಿನ್‌ಗಳನ್ನು ರದ್ದುಪಡಿಸಿ ಪ್ರತಿಯೊಬ್ಬರಿಗೂ ಸ್ವಂತ ಖಾತೆ ನೀಡುವುದು.
3. ಮಿಂಚಂಚೆ, ಬ್ಯಾಂಕಿಂಗ್ ಮತ್ತು ನಿರ್ವಾಹಕ ಖಾತೆಗಳಿಗೆ ಮೊದಲು ಎರಡನೆಯ ಬೀಗ ಹಾಕುವುದು.
4. ನೌಕರ ಹೊರಡುವ ದಿನದ ತಪಾಸಣಾ ಪಟ್ಟಿಯಲ್ಲಿ ಲಾಗಿನ್‌ಗಳನ್ನೂ ಸೇರಿಸುವುದು.
5. ಮೂರು ತಿಂಗಳಿಗೊಮ್ಮೆ ಪಟ್ಟಿಯನ್ನು ಮುಖ್ಯಸ್ಥರೇ ಪರಿಶೀಲಿಸಿ ಸಹಿ ಮಾಡುವುದು.
6. ಮುಖ್ಯ ನಿರ್ವಾಹಕ ಲಭ್ಯವಿಲ್ಲದಾಗ ಬಳಸಲು ತುರ್ತು ಖಾತೆಯೊಂದರ ವಿವರವನ್ನು ಮೊಹರು ಮಾಡಿದ ಲಕೋಟೆಯಲ್ಲಿ ಭದ್ರವಾಗಿಡುವುದು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ಆದರೆ ಬಾಗಿಲು ಹಾಕಬೇಕಾದರೆ ಬಾಗಿಲೊಂದು ಅಲ್ಲಿದೆ ಎಂಬುದು ಮೊದಲು ತಿಳಿದಿರಬೇಕು. ಕಲೋನಿಯಲ್ ಪೈಪ್‌ಲೈನ್ ಕಂಪನಿಯಲ್ಲಿ ಕಾವಲಿಲ್ಲದೆ ಉಳಿದದ್ದು ಯಾರ ಲೆಕ್ಕಕ್ಕೂ ಸಿಗದ ಅಂಥದೊಂದು ಬಾಗಿಲು.