ಬೋರಿನ ಗಡಸು ನೀರಲ್ಲಿ ಬಣ್ಣದ ಮೀನು: ಮನೆಯಲ್ಲೇ ಆಫ್ರಿಕನ್ ಸಿಕ್ಲಿಡ್ ಮರಿ ಮಾಡಿ ಮಾರುವವರಿಗೆ ಮಾಹಿತಿ

ವಿಜಯಪುರ: "ನಮ್ಮ ಬೋರಿನ ನೀರಿಗೆ ಬ್ಯಾಳಿ ಬೇಯಂಗಿಲ್ರಿ, ಇದರಾಗ ಮೀನು ಬದುಕತಾವೇನು?" ಅಂತ ಕೇಳುವವರು ನಮ್ಮ ಜಿಲ್ಲೆಯಲ್ಲಿ ಬಹಳ. ಗಪ್ಪಿ, ಏಂಜಲ್ ತಂದು ಕಳೆದುಕೊಂಡವರೂ ಇದ್ದಾರೆ. ಆದರೆ ಗಡಸು ನೀರಿಗೆ ಒಗ್ಗುವ ಒಂದು ಮೀನಿನ ಬಳಗವಿದೆ. ಅದೇ ಆಫ್ರಿಕನ್ ಸಿಕ್ಲಿಡ್. ವಿಜಯಪುರ ನಗರ, ತಿಕೋಟಾ, ಬಬಲೇಶ್ವರ ಕಡೆ ಮನೆಯಲ್ಲೇ ಇದರ ಮರಿ ಮಾಡಿ ಮಾರಬೇಕು ಅನ್ನುವವರು ಹಣ ಹಾಕುವ ಮೊದಲು ತಿಳಿಯಬೇಕಾದ ವಿಷಯಗಳು ಇಲ್ಲಿವೆ.

ಯಾವ ಮೀನು ಇದು?

ಕೆರೆಯ ಜಿಲೇಬಿ ಮೀನು (ತಿಲಾಪಿಯಾ) ಎಲ್ಲರಿಗೂ ಗೊತ್ತು. ಅದೂ ಆಫ್ರಿಕಾದ ಸಿಕ್ಲಿಡ್ ಜಾತಿಯದ್ದೇ. ಅಕ್ವೇರಿಯಂ ಅಂಗಡಿಗಳಲ್ಲಿ ಹಳದಿ, ನೀಲಿ, ಕಿತ್ತಳೆ ಬಣ್ಣದಲ್ಲಿ ಕಾಣುವ ಸಿಕ್ಲಿಡ್‌ಗಳು ಹೆಚ್ಚಾಗಿ ಪೂರ್ವ ಆಫ್ರಿಕಾದ ಮಲಾವಿ ಸರೋವರದ ಮೂಲದವು. ಆ ಸರೋವರದ ನೀರು ಕ್ಷಾರೀಯ. ಆದ್ದರಿಂದ ಈ ಮೀನಿಗೆ ಪಿಎಚ್ 7.8ರಿಂದ 8.6, ಶಾಖ 24ರಿಂದ 28 ಡಿಗ್ರಿ ಇದ್ದರೆ ಸಾಕು.

ಹೊಸಬರು ಯೆಲ್ಲೋ ಲ್ಯಾಬ್ ಎಂಬ ಹಳದಿ ಮೀನಿನಿಂದ ಶುರು ಮಾಡುವುದು ಒಳ್ಳೆಯದು. ನಾಲ್ಕು ಇಂಚಿನವರೆಗೆ ಬೆಳೆಯುತ್ತದೆ, ಈ ಬಳಗದಲ್ಲಿ ಜಗಳ ಕಡಿಮೆ ಮಾಡುವ ಮೀನು. ಗಂಡಿಗೂ ಹೆಣ್ಣಿಗೂ ಬಣ್ಣ ಇರುವುದರಿಂದ ಎಲ್ಲ ಮರಿಗಳೂ ಮಾರಾಟವಾಗುತ್ತವೆ. ಔರಾಟಸ್ ಎಂಬ ಪಟ್ಟೆ ಮೀನು ನೋಡಲು ಚೆಂದ, ಆದರೆ ಉಳಿದ ಮೀನುಗಳನ್ನು ಕಚ್ಚಿ ಕೊಲ್ಲುತ್ತದೆ. ಶುರುವಿಗೆ ಬೇಡ.

ಮೊದಲು ನೀರು ನೋಡಿ

ಗಡಸು ನೀರು ಬೇರೆ, ಸವಳು ನೀರು ಬೇರೆ. ಸುಣ್ಣದ ಅಂಶವಿರುವ ಗಡಸು ನೀರು ಈ ಮೀನಿಗೆ ನಡೆಯುತ್ತದೆ. ಉಪ್ಪುಪ್ಪಾದ ಸವಳು ನೀರು ನಡೆಯಲ್ಲ. ಟಿಡಿಎಸ್ ಮೀಟರ್ ಒಟ್ಟು ಲವಣವನ್ನಷ್ಟೇ ತೋರಿಸುತ್ತದೆ, ಯಾವ ಲವಣ ಅಂತ ಹೇಳಲ್ಲ. ತಿಕೋಟಾ ಕಡೆ ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ ಬೋರಿನ ನೀರು ಪರೀಕ್ಷೆ ಮಾಡಿಸಿದ ವರದಿ ಇರುತ್ತದೆ. ಅದರಲ್ಲಿ ಪಿಎಚ್, ಇಸಿ, ಬೈಕಾರ್ಬೊನೇಟ್, ಸೋಡಿಯಂ ಎಲ್ಲ ಬರೆದಿರುತ್ತಾರೆ, ಅದನ್ನೇ ನೋಡಬಹುದು. ಸೋಡಿಯಂ ಜಾಸ್ತಿ ಇದ್ದರೆ ಮಳೆ ನೀರು ಅಥವಾ ನಳದ ನೀರು ಬೆರೆಸಿ.

ನಗರದ ನಳದಲ್ಲಿ ಬರುವ ಕೃಷ್ಣಾ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬ್ಯಾರೆಲ್ಲಿನಲ್ಲಿ ತುಂಬಿ ಏರ್ ಪಂಪ್ ಹಚ್ಚಿ ಒಂದು ದಿನ ಇಟ್ಟು ಬಳಸಿ. ಒಂದು ಎಚ್ಚರಿಕೆ: ತೋಟಕ್ಕೆ ಔಷಧಿ ಹೊಡೆಯಲು ಬಳಸಿದ ಡ್ರಮ್, ಬಕೆಟ್, ಪೈಪು ಎಷ್ಟೇ ತೊಳೆದರೂ ಮೀನಿಗೆ ಬೇಡ.

ತೊಟ್ಟಿ ಮತ್ತು ಜಾಗ

4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ ಸಾಕು. ಅಂಚಿನವರೆಗೆ ತುಂಬಿದರೆ ಸುಮಾರು 250 ಲೀಟರ್, ಅಂದರೆ ನೀರಿನ ತೂಕವೇ ಎರಡೂವರೆ ಕ್ವಿಂಟಲ್. ಹಳೆಯ ಮಾಳಿಗೆ ಮನೆಯ ಮೇಲೆ ಇಡಬೇಡಿ. ನೆಲಮಟ್ಟದಲ್ಲಿ, ಬಿಸಿಲು ಬೀಳದ ಕೋಣೆಯಲ್ಲಿ ಇಡಿ. ಒಳಗೆ ಅಡಗಲು ಕಲ್ಲು, ಒಡೆದ ಮಡಕೆ ಬೇಕು.

ತೊಟ್ಟಿ ಕಟ್ಟಿದ ದಿನವೇ ಮೀನು ತಂದು ಬಿಡುವುದೇ ದೊಡ್ಡ ತಪ್ಪು. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು 4ರಿಂದ 6 ವಾರ ಬೇಕು. ಚಾಲೂ ಇರುವ ತೊಟ್ಟಿಯ ಹಳೆ ಸ್ಪಂಜು ಸಿಕ್ಕರೆ ಬೇಗ ಆಗುತ್ತದೆ. ಪಿಎಚ್ ಏರಿದಷ್ಟೂ, ನೀರು ಬಿಸಿಯಾದಷ್ಟೂ ಅದೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಅಂದರೆ ಈ ಮೀನಿಗೆ ಒಗ್ಗುವ ನಮ್ಮ ನೀರೇ, ಹೊಲಸು ಬಿಟ್ಟರೆ ಅದನ್ನು ಬೇಗ ಕೊಲ್ಲುತ್ತದೆ. ವಾರಕ್ಕೊಮ್ಮೆ ಕಾಲು ಭಾಗ, ಸುಮಾರು 60 ಲೀಟರ್, ಅಂದರೆ ನಾಲ್ಕು ಕೊಡ ನೀರು ಬದಲಿಸಲೇಬೇಕು. ತೆಗೆದ ನೀರು ಗಿಡಕ್ಕೆ ಒಳ್ಳೆಯ ಗೊಬ್ಬರ.

ಮರಿ ಆಗುವುದು ಹೇಗೆ?

ಚಿಕ್ಕದಿದ್ದಾಗ ಗಂಡು-ಹೆಣ್ಣು ಗುರುತು ಸಿಗಲ್ಲ. 8ರಿಂದ 10 ಮರಿ ಒಟ್ಟಿಗೆ ಸಾಕಿ, ದೊಡ್ಡವಾದ ಮೇಲೆ ಒಂದು ಗಂಡಿಗೆ ನಾಲ್ಕೈದು ಹೆಣ್ಣು ಉಳಿಸಿಕೊಳ್ಳಿ. ತತ್ತಿ ಇಟ್ಟ ಕೂಡಲೇ ಹೆಣ್ಣು ಅವನ್ನು ಬಾಯಲ್ಲಿ ತುಂಬಿಕೊಳ್ಳುತ್ತದೆ. ಮೂರರಿಂದ ನಾಲ್ಕು ವಾರ ಬಾಯಲ್ಲೇ ಮರಿ ಮಾಡುತ್ತದೆ, ಅಷ್ಟು ದಿನ ಸರಿಯಾಗಿ ತಿನ್ನಲ್ಲ. ಗದ್ದ ಉಬ್ಬಿದ್ದು ಕಂಡರೆ ದಿನಾಂಕ ಬರೆದಿಡಿ. 18 ದಿನದ ನಂತರ ನಿಧಾನವಾಗಿ ಬೇರೆ ತೊಟ್ಟಿಗೆ ಬಿಡಿ, ತಾನೇ ಮರಿ ಉಗುಳುತ್ತದೆ. ಮರಿ ಬಿಟ್ಟ ತಾಯಿಗೆ ಒಂದು ವಾರ ಒಂಟಿಯಾಗಿ ಉಣಿಸಿ, ಆಮೇಲೆ ಹಳೆ ತೊಟ್ಟಿಗೆ ಸೇರಿಸಿ.

ಒಂದು ಹೆಣ್ಣು ಒಂದು ಸಲಕ್ಕೆ 10ರಿಂದ 25 ಮರಿ ಕೊಡಬಹುದು. ಮರಿಗಳಿಗೆ ಪುಡಿ ಮಾಡಿದ ಆಹಾರ, ಆರ್ಟೀಮಿಯಾ ಕೊಡಿ. ದೊಡ್ಡ ಮೀನಿಗೆ ಸ್ಪಿರುಲಿನಾ ಇರುವ ಆಹಾರ ಸಾಕು. ಮಾಂಸ, ಕೆಂಪು ಹುಳ ಜಾಸ್ತಿ ಹಾಕಿದರೆ ಹೊಟ್ಟೆ ಉಬ್ಬಿ ಸಾಯುತ್ತವೆ.

ಬೇರೆ ಜಾತಿ ಕೂಡಿಸಬೇಡಿ. ಯೆಲ್ಲೋ ಲ್ಯಾಬ್ ಮತ್ತು ರೆಡ್ ಝೀಬ್ರಾ ಒಟ್ಟಿಗಿದ್ದರೆ ಬೆರಕೆ ಮರಿ ಹುಟ್ಟುತ್ತವೆ. ಅದನ್ನು ಅಸಲಿ ಅಂತ ಒಮ್ಮೆ ಕೊಟ್ಟರೆ ಅಂಗಡಿಯವರು ಮತ್ತೆ ನಿಮ್ಮ ಮೀನು ಮುಟ್ಟಲ್ಲ.

ಬೇಸಿಗೆ ಮತ್ತು ಕರೆಂಟು

ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನೀರು ಬಿಸಿಯಾದಂತೆ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ತೊಟ್ಟಿಯ ಮುಚ್ಚಳ ತೆಗೆದು ಜಾಳಿಗೆ ಹಾಕಿ, ನೀರಿನ ಮೇಲೆ ಫ್ಯಾನಿನ ಗಾಳಿ ಬಿಡಿ, ಆಹಾರ ಕಡಿಮೆ ಮಾಡಿ. ಡಿಸೆಂಬರ್-ಜನವರಿ ಚಳಿಗೆ ಹೀಟರ್ ಬೇಕು. ಕರೆಂಟು ಹೋದಾಗ ನಡೆಯುವ ಬ್ಯಾಟರಿ ಏರ್ ಪಂಪ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಲೆಕ್ಕ ಹೀಗಿದೆ

10 ವ್ಯಾಟ್ ಏರ್ ಪಂಪ್ ಹಗಲು-ರಾತ್ರಿ ನಡೆದರೆ ತಿಂಗಳಿಗೆ 7 ಯೂನಿಟ್ ಚಿಲ್ಲರೆ. 100 ವ್ಯಾಟ್ ಹೀಟರ್ ದಿನಕ್ಕೆ 8 ಗಂಟೆ ನಡೆದರೆ 24 ಯೂನಿಟ್.

ಒಂದು ಇಂಚಿನ ಮರಿ ತಂದರೆ ದೊಡ್ಡದಾಗಿ ತತ್ತಿ ಇಡಲು 8-10 ತಿಂಗಳು. ಅದರ ಮರಿ ಮಾರುವಷ್ಟಾಗಲು ಮತ್ತೆ ಎರಡು-ಮೂರು ತಿಂಗಳು. ಅಂದರೆ ಮೊದಲ ರೂಪಾಯಿ ನೋಡಲು ಹತ್ತಿರ ಹತ್ತಿರ ಒಂದು ವರ್ಷ. ಐದು ಹೆಣ್ಣು ಎರಡು ತಿಂಗಳಿಗೊಮ್ಮೆ 15ರಂತೆ ಕೊಟ್ಟರೆ 75 ಮರಿ. ಅದರಲ್ಲಿ 50 ಉಳಿದವು ಅನ್ನಿ, ತಿಂಗಳಿಗೆ 25. ಉದಾಹರಣೆಗೆ ಅಂಗಡಿಯವರು ಒಂದಕ್ಕೆ 40 ರೂಪಾಯಿ ಕೊಟ್ಟರೂ ಬರುವುದು 1,000 ರೂಪಾಯಿ, ಅದರಲ್ಲೇ ಕರೆಂಟು, ಆಹಾರ ಹೋಗಬೇಕು. ಒಂದು ತೊಟ್ಟಿಯಿಂದ ಮನೆ ನಡೆಯಲ್ಲ, ಕೈಖರ್ಚು ನಡೆದೀತು. ಸಾಲ ಮಾಡಿ ಶುರು ಮಾಡುವ ಕೆಲಸ ಇದಲ್ಲ.

ಮಾರುವುದೇ ಕಷ್ಟ

ಬಣ್ಣದ ಮೀನಿನ ದೊಡ್ಡ ಪೇಟೆ ಇರುವುದು ಕೋಲ್ಕತ್ತ ಮತ್ತು ಚೆನ್ನೈನ ಕೊಳತ್ತೂರಿನಲ್ಲಿ. ಅಲ್ಲಿನ ಸಗಟು ದರದ ಜೊತೆ ಪೈಪೋಟಿ ಮಾಡಲು ಆಗಲ್ಲ. ಆದರೆ ದೂರದಿಂದ ಬಂದ ಮೀನು ದಾರಿಯಲ್ಲಿ ಬಸವಳಿದಿರುತ್ತದೆ, ಹೊಸ ನೀರಿಗೆ ಒಗ್ಗದೆ ಸಾಯುತ್ತದೆ. ನಿಮ್ಮ ಮರಿ ಇದೇ ನೀರಲ್ಲಿ ಹುಟ್ಟಿದ್ದು, ಅದೇ ನಿಮ್ಮ ಬಂಡವಾಳ. ತೊಟ್ಟಿ ಕೊಳ್ಳುವ ಮೊದಲೇ ನಗರದ ಅಂಗಡಿಗಳಿಗೆ ಹೋಗಿ ಯಾವ ಮೀನು, ಎಷ್ಟು ಇಂಚು, ತಿಂಗಳಿಗೆ ಎಷ್ಟು ಬೇಕು ಅಂತ ಕೇಳಿ ಬನ್ನಿ. ಅಂಗಡಿಯವರಿಗೂ ಒಂದು ಮಾತು: ಸ್ಥಳೀಯ ಮರಿಗೆ ಎರಡು ರೂಪಾಯಿ ಹೆಚ್ಚು ಕೊಟ್ಟರೂ ಸಾಯುವ ಮೀನಿನ ನಷ್ಟ ಉಳಿಯುತ್ತದೆ.

ಸಾಗಿಸುವ ಹಿಂದಿನ ದಿನ ಆಹಾರ ಹಾಕಬೇಡಿ. ಚೀಲದಲ್ಲಿ ಒಂದು ಪಾಲು ನೀರು, ಎರಡು ಪಾಲು ಆಮ್ಲಜನಕ ಇರಲಿ. ತಿಕೋಟಾ, ಬಬಲೇಶ್ವರದಿಂದ ಬೇಸಿಗೆಯಲ್ಲಿ ತರುವವರು ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ಬೆಳಗಿನ ಬಸ್ಸಿಗೇ ಬನ್ನಿ.

ಸರ್ಕಾರದ ನೆರವು

2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ಘಟಕ ವೆಚ್ಚ ನಿಗದಿಯಾಗಿತ್ತು. ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 60 ಸಹಾಯಧನ. ಈ ವರ್ಷದ ಅರ್ಜಿ ಬಗ್ಗೆ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಮಂಜೂರಾತಿ ಕೈಗೆ ಬರುವ ಮೊದಲು ಸಾಮಾನು ಕೊಳ್ಳಬೇಡಿ.

ಕೆರೆಗೆ ಬಿಡಬೇಡಿ

ಸಾಕಲು ಆಗದಿದ್ದರೆ ಮೀನನ್ನು ಅಂಗಡಿಗೆ ವಾಪಸ್ ಕೊಡಿ. ಭೂತನಾಳ ಕೆರೆ, ಮಮದಾಪುರ ಕೆರೆ, ಬಾವಿ, ಕಾಲುವೆ ಎಲ್ಲಿಗೂ ಬಿಡಬೇಡಿ. 1952ರಲ್ಲಿ ದೇಶಕ್ಕೆ ತಂದ ತಿಲಾಪಿಯಾ ಕೆರೆ ಕೆರೆಗೂ ಹಬ್ಬಿ ನಾಡಿನ ಮೀನುಗಳ ಜಾಗ ಹಿಡಿಯಿತು. ಅದರ ಬಳಗದ ಇನ್ನೊಂದು ಮೀನನ್ನು ನಮ್ಮ ಕೈಯಾರೆ ಬಿಡುವುದು ಬೇಡ.